ರವಿವಾರದ ಕತ್ತಿ, ಕುದುರೆ ಮತ್ತು ಉಡ

ಶಾಲೆಯಲ್ಲಿ ಪಾಲಕರ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಾಗ ಒಂದು ಮಾತು ತಪ್ಪದೆ ಬರುತ್ತದೆ. ‘ಈಗಿನ ಟಿ.ವಿ. ಏನ್ ಟಿ.ವಿ. ಬಿಡ್ರಿ ಸರ. ನಮ್ಮ ಕಾಲಕ್ಕ ಟಿಪ್ಪು ಸುಲ್ತಾನ ಬರತಿತ್ತು, ಚಂದ್ರಕಾಂತಾ ಬರತಿತ್ತು. ಓಣಿ ಮಂದಿ ಎಲ್ಲಾ ಒಂದ ಮನ್ಯಾಗ ಕುಂತ ನೋಡತಿದ್ವಿ.’ ಹೀಗೆ ಹೇಳುವವರು ಈಗ ನಲವತ್ತು, ಐವತ್ತರ ಆಸುಪಾಸಿನವರು. ಅವರ ಮಕ್ಕಳಿಗೆ ಅದೇ ಧಾರಾವಾಹಿಗಳ ತುಣುಕುಗಳು ಮೊಬೈಲಿನಲ್ಲಿ ಸಿಗುತ್ತವೆ. ನೋಡಿ ನಗುತ್ತಾರೆ. ‘ಸರ, ಕ್ವಾಟಿ ಗ್ವಾಡಿ ಅಳ್ಳಾಡತೈತ್ರಿ!’ ಎನ್ನುತ್ತಾರೆ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಕೋಟೆಯ ಗೋಡೆ ಪ್ಲೈವುಡ್ಡಿನದು, ಅಲುಗಾಡುತ್ತಿತ್ತು. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಒಂದು ತಲೆಮಾರು ಆ ಅಲುಗಾಡುವ ಕೋಟೆಯೊಳಗೆ ಮನಸ್ಸಿಟ್ಟು ಬೆಳೆಯಿತು. ಅದು ಬರೀ ಹಳೆಯದರ ಮೇಲಿನ ಮೋಹವೇ? ಅಥವಾ ನಮ್ಮ ಮಕ್ಕಳಿಗೂ ಉಪಯೋಗಕ್ಕೆ ಬರುವಂಥದ್ದು ಅದರಲ್ಲಿ ಏನಾದರೂ ಇತ್ತೇ? ವಿಜ್ಞಾನ ಕಲಿಸುವವನಿಗೆ ಧಾರಾವಾಹಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಆದರೆ ತರಗತಿಯಲ್ಲಿ ನನಗೆ ಬಂದ ಒಳ್ಳೆಯ ಪ್ರಶ್ನೆಗಳಲ್ಲಿ ಎಷ್ಟೋ ಪ್ರಶ್ನೆಗಳು ಪಠ್ಯಪುಸ್ತಕದಿಂದ ಹುಟ್ಟಿದವಲ್ಲ, ಟಿ.ವಿ.ಯಿಂದ ಹುಟ್ಟಿದವು.

ಮಾಳಿಗೆಯ ಮೇಲಿನ ಆಂಟೆನಾ

ನಮ್ಮ ಭಾಗಕ್ಕೆ ಟಿ.ವಿ. ಬಂದದ್ದು ಪೇಟೆಯ ದಾರಿಯಿಂದಲ್ಲ, ಆಕಾಶದ ದಾರಿಯಿಂದ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಆಗ ನಮ್ಮ ತಾಲೂಕುಗಳು ವಿಜಾಪುರ ಜಿಲ್ಲೆಯಲ್ಲೇ ಇದ್ದವು; ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿಗೆ ಸ್ವಂತ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ ಈ ಬಿಸಿಲುನಾಡಿನ ಕೆಲವು ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಚಿತ್ರ ನೋಡಿದ್ದವು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ.

ಎಂಬತ್ತರ ದಶಕದಲ್ಲಿ ಮನೆ ಮನೆಯ ಮಾಳಿಗೆಯ ಮೇಲೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ನಿಂತಿತು. ಧಾರಾವಾಹಿ ಶುರುವಾಗುವ ಹೊತ್ತಿಗೆ ಒಬ್ಬ ಮಾಳಿಗೆಯ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟಿ.ವಿ. ಮುಂದೆ. ‘ಬಂತೇನೋ?’ ‘ಇಲ್ಲೋ, ಇನ್ನಟ ತಿರುವು.’ ‘ಈಗ?’ ‘ಹೋತು, ಹೋತು!’ ಆ ಕಡ್ಡಿಗಳ ಉದ್ದ ಸುಮ್ಮನೆ ಇಟ್ಟದ್ದಲ್ಲ. ಆ ಕಾಲದ ಪ್ರಸಾರದ ಒಂದು ಪಟ್ಟಿ 174ರಿಂದ 230 ಮೆಗಾಹರ್ಟ್ಸ್‌ವರೆಗೆ ಇತ್ತು. ಬೆಳಕಿನ ವೇಗವನ್ನು ಈ ಕಂಪನಾಂಕದಿಂದ ಭಾಗಿಸಿದರೆ ತರಂಗದ ಉದ್ದ ಒಂದೂಕಾಲರಿಂದ ಒಂದೂಮುಕ್ಕಾಲು ಮೀಟರಿನ ನಡುವೆ ಬರುತ್ತದೆ. ಮುಖ್ಯ ಕಡ್ಡಿ ಅದರ ಸುಮಾರು ಅರ್ಧದಷ್ಟಿರಬೇಕು. ಇದನ್ನು ಜಪಾನಿನ ಉಡಾ ಮತ್ತು ಯಾಗಿ ಎಂಬ ಇಬ್ಬರು 1926ರ ಸುಮಾರಿಗೆ ರೂಪಿಸಿದರು. ಹತ್ತನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು. ಅಂದು ಮಾಳಿಗೆಯ ಮೇಲೆ ನಿಂತವನಿಗೆ ಲೆಕ್ಕ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಬನಹಟ್ಟಿಯ ಓಣಿಗಳಲ್ಲಿ ಧಾರಾವಾಹಿಯ ಜನಪ್ರಿಯತೆಯನ್ನು ಅಳೆಯಲು ಯಾವ ಸಮೀಕ್ಷೆಯೂ ಬೇಕಿರಲಿಲ್ಲ. ಮಗ್ಗಗಳ ಸದ್ದು ನಿಂತರೆ ಸಾಕು, ಕಂತು ಶುರುವಾಯಿತು ಎಂದರ್ಥ. ಮತ್ತೆ ಸದ್ದು ಎದ್ದಾಗ ಮುಗಿಯಿತು.

ಯಾವುದು, ಯಾವಾಗ

ಮೊದಲು ಬಂದದ್ದು 1985ರ ‘ವಿಕ್ರಮ್ ಔರ್ ಬೇತಾಳ್’. ಚಂದಮಾಮದಲ್ಲಿ ಹೆಗಲ ಮೇಲೆ ಬೇತಾಳನನ್ನು ಹೊತ್ತ ರಾಜನನ್ನು ನೋಡಿದ್ದ ನಮಗೆ ಕಥೆ ಹೊಸದಲ್ಲ. ರಾಜ ನಡೆದಾಡಿದ್ದು ಹೊಸದು. ವಿಕ್ರಮನಾಗಿದ್ದ ಅರುಣ್ ಗೋವಿಲ್ ಎರಡು ವರ್ಷಗಳಲ್ಲಿ ರಾಮನೇ ಆಗಿಬಿಟ್ಟರು. 1990-91ರಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’, 1991-92ರಲ್ಲಿ ಚಂದ್ರಪ್ರಕಾಶ್ ದ್ವಿವೇದಿಯವರ ‘ಚಾಣಕ್ಯ’, 1993ರಿಂದ ‘ಅಲಿಫ್ ಲೈಲಾ’, 1994ರಲ್ಲಿ ಮಹಾದಜಿ ಶಿಂಧೆಯ ಕಥೆ ಹೇಳಿದ ‘ದಿ ಗ್ರೇಟ್ ಮರಾಠಾ’, ಅದೇ ವರ್ಷ ‘ಚಂದ್ರಕಾಂತಾ’. ಇವುಗಳಲ್ಲಿ ‘ಚಾಣಕ್ಯ’ ಒಂದೇ ಇಂದಿಗೂ ತಲೆ ಎತ್ತಿ ನಿಲ್ಲುವಂಥದ್ದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಕತ್ತಿಗಿಂತ ಮಾತು ಹರಿತವಾಗಿತ್ತು. ಆದರೆ ಹುಡುಗರ ಮನಸ್ಸು ಗೆದ್ದದ್ದು ‘ಚಂದ್ರಕಾಂತಾ’. ‘ಯಕ್ಕೂ’ ಎನ್ನುತ್ತಿದ್ದ ಕ್ರೂರಸಿಂಹನ ಹುಬ್ಬು ನೆನಪಿಲ್ಲದ ಪಾಲಕರು ಅಪರೂಪ.

ಎಲ್ಲವೂ ಹಿಂದಿಯಲ್ಲಿದ್ದವು. ಕನ್ನಡಕ್ಕೆ ಡಬ್ಬಿಂಗ್ ಆಗ ಇರಲಿಲ್ಲ. ಬೀಳಗಿಯ ಕಡೆಯ ಹಳ್ಳಿಯ ಹುಡುಗ ‘ಗುಸ್ತಾಖಿ’, ‘ಮಹಾಮಂತ್ರಿ’ ಎಂಬ ಶಬ್ದಗಳನ್ನು ಕಲಿತದ್ದು ಹಿಂದಿ ಮಾಸ್ತರರಿಂದಲ್ಲ. ಇದರಲ್ಲಿ ಒಂದು ತಮಾಷೆಯಿದೆ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಕಾದಂಬರಿ 1888ರಲ್ಲಿ ಬಂದಾಗ ಅದನ್ನು ಓದುವುದಕ್ಕಾಗಿಯೇ ಎಷ್ಟೋ ಜನ ಹಿಂದಿ ಕಲಿತರು ಎಂಬ ಮಾತಿದೆ. ನೂರು ವರ್ಷ ಕಳೆದ ಮೇಲೆ ಅದರ ಧಾರಾವಾಹಿ ಕೃಷ್ಣೆಯ ದಂಡೆಯಲ್ಲೂ ಅದೇ ಕೆಲಸ ಮಾಡಿತು.

ಆದರೆ ನಮಗೆ ಅರ್ಥವಾಗದ ಮಾತು ಅರ್ಧದಷ್ಟಿತ್ತು. ಕಾಣದ ಚಿತ್ರ ಕಾಲುಭಾಗ. ಕರೆಂಟು ಹೋಗಿ ತಪ್ಪಿದ್ದು ಬೇರೆ. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಏಳು ದಿನ. ಆ ತೂತುಗಳನ್ನೆಲ್ಲ ನಾವೇ ತುಂಬಿಕೊಳ್ಳಬೇಕಿತ್ತು. ವಾರವಿಡೀ ವಾದ ನಡೆಯುತ್ತಿತ್ತು. ಅಜ್ಜನನ್ನು ಕೇಳುತ್ತಿದ್ದೆವು, ಗ್ರಂಥಾಲಯದಲ್ಲಿ ಹುಡುಕುತ್ತಿದ್ದೆವು. ಸಾಹಸವೆಲ್ಲ ಆ ಏಳು ದಿನಗಳಲ್ಲಿತ್ತು ಎಂದು ನನಗೆ ಈಗ ಅನಿಸುತ್ತದೆ.

ಟಿಪ್ಪುವಿನ ಬಾಣ, ಜಮಖಂಡಿಯ ಭಾವು

ಟಿಪ್ಪು ಧಾರಾವಾಹಿಯನ್ನೇ ತೆಗೆದುಕೊಳ್ಳಿ. ಅದು ಭಗವಾನ್ ಗಿಡ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿದ್ದು. ಪ್ರಸಾರಕ್ಕೆ ಮುಂಚೆಯೇ ವಿವಾದವಾಗಿ, ಇದು ಕಾದಂಬರಿಯ ನಾಟಕರೂಪ, ಕಲ್ಪಿತ ಕಥೆ, ಇತಿಹಾಸದ ನಿಖರತೆಯನ್ನು ಇದು ಸಾಧಿಸುವುದಿಲ್ಲ ಎಂಬ ಅರ್ಥದ ಸೂಚನೆಯನ್ನು ಪರದೆಯ ಮೇಲೆ ಹಾಕಬೇಕಾಯಿತು. ನಮ್ಮಲ್ಲಿ ಆ ಸೂಚನೆಯನ್ನು ಓದಿದವರೆಷ್ಟು? ಆಂಟೆನಾ ಸರಿಯಾಗುವಷ್ಟರಲ್ಲಿ ಅದು ಹೋಗಿರುತ್ತಿತ್ತು! ಕಾದಂಬರಿಯೇ ಇತಿಹಾಸವಾಗಿ ತಲೆಯಲ್ಲಿ ಕುಳಿತಿತು. ಇಂದು ಟಿಪ್ಪುವಿನ ಬಗ್ಗೆ ಎರಡೂ ಕಡೆಯಿಂದ ಜೋರಾಗಿ ಮಾತನಾಡುವವರಲ್ಲಿ ಎಷ್ಟು ಜನ ದಾಖಲೆ ಓದಿದವರು, ಎಷ್ಟು ಜನ ಪರದೆ ನೋಡಿದವರು ಎಂದು ವಿಚಾರಿಸುವುದು ಒಳ್ಳೆಯದು.

ಜಮಖಂಡಿಯವರಿಗೆ ಆ ಧಾರಾವಾಹಿ ನೋಡುವಾಗ ಇನ್ನೊಂದು ಇಕ್ಕಟ್ಟೂ ಇತ್ತು. ಟಿಪ್ಪುವಿನ ಎದುರು ಪೇಶ್ವೆಯ ಸೈನ್ಯವನ್ನು ನಡೆಸಿದ ಪರಶುರಾಮಭಾವು ಪಟವರ್ಧನ ಜಮಖಂಡಿ ಸಂಸ್ಥಾನದ ಮನೆತನದ ಹಿರಿಯ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಕೂತವನು ಅವನೇ. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್, ಹೊರಗೆ ಭಾವು ಮತ್ತು ಅವನ ಜೊತೆಗೆ ಕ್ಯಾಪ್ಟನ್ ಲಿಟ್ಲ್ ಎಂಬುವನ ಇಂಗ್ಲಿಷ್ ತುಕಡಿ. ಏಳು ತಿಂಗಳು! ಟಿ.ವಿ.ಯಲ್ಲಿ ಕೋಟೆಗಳು ಜಾಹೀರಾತಿನೊಳಗಾಗಿ ಬೀಳುತ್ತಿದ್ದವು. ನಿಜವಾದ ಮುತ್ತಿಗೆಯೆಂದರೆ ಹಸಿವು, ಬೇನೆ, ಮೇವಿಲ್ಲದ ಎತ್ತು, ಬಾರದ ಮದ್ದುಗುಂಡು. ಕ್ಯಾಮರಾ ಇಟ್ಟುಕೊಂಡು ಏಳು ತಿಂಗಳು ಕಾಯುವವರು ಯಾರು?

ಆ ಧಾರಾವಾಹಿಯ ರಾಕೆಟ್ಟುಗಳು ಮಾತ್ರ ಕಲ್ಪನೆಯಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತಾಗ ಹೈದರ್-ಟಿಪ್ಪುವಿನ ಕಡೆಯಿಂದ ರಾಕೆಟ್ಟುಗಳು ಹಾರಿದ್ದವು. ಇಲ್ಲಿ ಮುಖ್ಯವಾದದ್ದು ಕೊಳವೆ. ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ಉರಿದರೆ ಅನಿಲದ ಒತ್ತಡ ಹೆಚ್ಚಾದ ಕೂಡಲೇ ಕೊಳವೆಯೇ ಒಡೆಯುತ್ತದೆ. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಒತ್ತಡ ತಡೆಯಿತು, ಅನಿಲ ಹಿಂದಕ್ಕೆ ರಭಸದಿಂದ ನುಗ್ಗಿತು, ರಾಕೆಟ್ಟು ಮುಂದಕ್ಕೆ ಒಂದೂವರೆ, ಎರಡು ಕಿಲೋಮೀಟರಿನವರೆಗೂ ಹೋಯಿತು. ನ್ಯೂಟನ್ನನ ಮೂರನೆಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ನಾನು ಕಲಿಸಲಾರೆ. ಈ ಅಸ್ತ್ರವನ್ನು ಆಗ ‘ಬಾಣ’ ಎಂದೇ ಕರೆಯುತ್ತಿದ್ದರು. ಜಾತ್ರೆಯಲ್ಲಿ ನಾವು ಹೇಳುವ ‘ಬಾಣಬಿರುಸು’ ಎಂಬ ಮಾತಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಅಮೆರಿಕದ ವಾಲಪ್ಸ್ ಕೇಂದ್ರದ ಗೋಡೆಯ ಮೇಲೆ ಈ ಯುದ್ಧದ ಚಿತ್ರ ಕಂಡು ಬೆರಗಾದುದನ್ನು ಅಬ್ದುಲ್ ಕಲಾಂ ಆತ್ಮಕಥೆಯಲ್ಲಿ ಬರೆದಿದ್ದಾರೆ. 2018ರಲ್ಲಿ ಹೊಸನಗರ ತಾಲೂಕಿನ ನಗರದ ಒಂದು ಹಾಳು ಬಾವಿಯಲ್ಲಿ ಇಂಥ ಸಾವಿರದಷ್ಟು ಕಬ್ಬಿಣದ ಕೊಳವೆಗಳು ಕೆಸರಿನಲ್ಲಿ ಸಿಕ್ಕವು. ಧಾರಾವಾಹಿ ಬಂದುಹೋಗಿ ಇಪ್ಪತ್ತೇಳು ವರ್ಷಗಳ ಮೇಲೆ!

ತೆರೆಯ ಹಿಂದಿನ ಬೆಂಕಿ

ಹಳೆಯ ಧಾರಾವಾಹಿಯ ಸವಿನೆನಪು ಹೇಳುವವರು ಒಂದನ್ನು ಮರೆಯುತ್ತಾರೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಬಿದ್ದು 62 ಜನ ಸತ್ತರು. ನಿರ್ಮಾಪಕ, ನಟ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಹತ್ತಾರು ಶಸ್ತ್ರಚಿಕಿತ್ಸೆಗಳಾದವು. ಅವರು ಎದ್ದು ಬಂದು ಕೆಲಸ ಮುಂದುವರಿಸಿದ್ದನ್ನು ಪತ್ರಿಕೆಗಳು ಸಾಹಸವೆಂದು ಬರೆದವು. ಅದು ನಿಜವಾಗಿಯೂ ಸಾಹಸವೇ. ಆದರೆ ಸತ್ತವರ ಹೆಸರು ನಮಗೆ ಒಂದೂ ನೆನಪಿಲ್ಲ. ಮರುವರ್ಷ ನಾವು ಓಣಿಯ ಮಂದಿ ಕೂಡಿ ಚಪ್ಪಾಳೆ ತಟ್ಟಿ ನೋಡಿದ ಅರಮನೆಗಳು ಅಂಥ ಸೆಟ್ಟುಗಳಲ್ಲಿ ಎದ್ದವು.

ಸೆಟ್ ಎಂದರೆ ಮರ, ಬಟ್ಟೆ, ಗೋಣಿತಟ್ಟು, ಬಣ್ಣ. ಎಲ್ಲವೂ ಉರುವಲು. ಮೇಲೆ ಸಾವಿರಾರು ವ್ಯಾಟ್ ದೀಪಗಳ ಕಾವು. ಬೆಂಕಿಗೆ ಬೇಕಾದ್ದು ಮೂರೇ: ಉರಿಯುವ ವಸ್ತು, ಕಾವು, ಆಮ್ಲಜನಕ. ಮುಚ್ಚಿದ ಜಾಗದಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಹೊಗೆ ತುಂಬಿದ ಕೋಣೆಯಲ್ಲಿ ನೆಲಕ್ಕೆ ಬಾಗಿ, ತೆವಳಿಕೊಂಡು ಬಾಗಿಲಿಗೆ ಹೋಗಬೇಕು. ಬಿಸಿ ಹೊಗೆ ಮೇಲೆ ಕವಿಯುತ್ತದೆ, ಕೆಳಗೆ ಸ್ವಲ್ಪ ಹೊತ್ತು ಉಸಿರಾಡುವ ಗಾಳಿ ಇರುತ್ತದೆ. ರಬಕವಿ, ಬನಹಟ್ಟಿಯ ಪಾಲಕರು ಇದನ್ನು ಓದಿ ತಮ್ಮ ಮಗ್ಗದ ಮನೆಯ ಕಡೆಗೊಮ್ಮೆ ನೋಡಬೇಕು. ಗೋಡೆಗೆ, ವಾಯರಿಗೆ ಹತ್ತಿಯ ಜುಂಗು ಅಂಟಿರುತ್ತದೆ, ಬಾಗಿಲು ಒಂದೇ, ಅದಕ್ಕೂ ನೂಲಿನ ಗಂಟು ಅಡ್ಡ. ಶಾಲೆಗಳ ಸ್ನೇಹಸಮ್ಮೇಳನದ ಪೆಂಡಾಲೂ ಅಷ್ಟೇ. ನಮ್ಮ ಹುಡುಗರು ಟಿಪ್ಪುವಿನ, ಚೆನ್ನಮ್ಮನ ನಾಟಕವಾಡುವಾಗ ರಟ್ಟಿನ ಕೋಟೆಯ ಹಿಂದೆ ಎರಡನೆಯ ದಾರಿ ಬಿಟ್ಟಿದ್ದಾರೆಯೇ ಎಂದು ನಾನು ಮೊದಲು ನೋಡುವುದು ಅದನ್ನೇ.

ಉಡ ಎತ್ತುವುದೆಷ್ಟು?

ಮುಧೋಳದವರಿಗೆ ಸಾಹಸದ ಕಥೆ ಹೊರಗಿನಿಂದ ಬರಬೇಕಿರಲಿಲ್ಲ. ರನ್ನನ ಊರು ಅದು. ಅವನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ ಎಂದೇ ಇನ್ನೊಂದು ಹೆಸರು. ಆಳಿದ ಮನೆತನದ ಹೆಸರಿನಲ್ಲೇ ಒಂದು ಕಂತಿನಷ್ಟು ಕಥೆಯಿದೆ. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ, ಮಹಮೂದ್ ಗವಾನನ ಕೊಂಕಣ ದಂಡಯಾತ್ರೆಯಲ್ಲಿ ಖೇಳಣಾ ಕೋಟೆಯನ್ನು, ಅಂದರೆ ಈಗಿನ ವಿಶಾಳಗಡವನ್ನು, ಈ ಮನೆತನದ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತಿಸಿ, ಆ ಹಗ್ಗ ಹಿಡಿದು ಏರಿ ಗೆದ್ದರು, ಅದಕ್ಕೆ ‘ಘೋರ್ಪಡೆ’ ಎಂಬ ಬಿರುದು ಬಂತು ಎಂಬುದು ಮನೆತನದ ಪರಂಪರೆ. ಇತಿಹಾಸಕಾರರೆಲ್ಲ ಒಪ್ಪಿದ ಸಂಗತಿಯಲ್ಲ. 1670ರಲ್ಲಿ ಸಿಂಹಗಡ ಏರಿದ ತಾನಾಜಿಯ ಬಗ್ಗೆಯೂ ಮರಾಠಿ ಪೊವಾಡಗಳು ಇದನ್ನೇ ಹೇಳುತ್ತವೆ. ಆ ಉಡಕ್ಕೆ ಯಶವಂತಿ ಎಂಬ ಹೆಸರೂ ಇದೆ.

‘ಸರ, ಉಡಾ ಮನಷ್ಯಾನ್ನ ಎತ್ತತೈತೇನ್ರಿ?’ ಎಂದು ಒಬ್ಬ ಹುಡುಗ ಕೇಳಿದ. ಒಂದು ವಾರ ಸಮಯ ಕೊಟ್ಟೆ. ನಾನು ಉತ್ತರ ಹೇಳಲಿಲ್ಲ.

ಅವರೇ ಲೆಕ್ಕ ತಂದರು. ನಮ್ಮ ಕಡೆಯ ದೊಡ್ಡ ಉಡ ಏಳೆಂಟು ಕಿಲೋ ದಾಟುವುದು ಕಷ್ಟ. ಕತ್ತಿ, ಗುರಾಣಿ ಸಹಿತ ಒಬ್ಬ ಸೈನಿಕ ಎಪ್ಪತ್ತು ಕಿಲೋ ಹಿಡಿಯಿರಿ. ಹಗ್ಗದ ಮೇಲೆ ಬೀಳುವ ಎಳೆತ ಸುಮಾರು ಏಳುನೂರು ನ್ಯೂಟನ್. ತನ್ನ ತೂಕದ ಹತ್ತರಷ್ಟನ್ನು ನೆಟ್ಟನೆಯ ಗೋಡೆಗೆ ಅಂಟಿಕೊಂಡು ಅದು ತಾಳಬೇಕು. ಸಾಧ್ಯವಿಲ್ಲ ಎಂದು ಅರ್ಧ ತರಗತಿ ಎದ್ದು ನಿಂತಿತು. ಆಗ ಹಿಂದಿನ ಬೆಂಚಿನವನೊಬ್ಬ, ಅವನ ಮನೆಯವರು ಅಡವಿ ಬಲ್ಲವರು, ಬೇರೆ ಮಾತು ತೆಗೆದ. ಉಡ ಬಿರುಕಿನೊಳಗೆ ಹೊಕ್ಕರೆ ಉಸಿರು ತುಂಬಿ ಮೈ ಉಬ್ಬಿಸಿ ಬೆಣೆಯ ಹಾಗೆ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಯಾರು ಜಗ್ಗಿದರೂ ಬರುವುದಿಲ್ಲ ಎಂದ. ಅದು ನಿಜ. ಉಗುರಿನ ಬಲಕ್ಕಿಂತ ಆ ಬೆಣೆಯ ಬಲ ದೊಡ್ಡದು. ಇನ್ನೊಬ್ಬಳು, ಉಡ ಬರೀ ತೆಳು ದಾರ ಒಯ್ದು, ಹಗುರಾದ ಹುಡುಗನೊಬ್ಬ ಹತ್ತಿ, ಆಮೇಲೆ ದಪ್ಪ ಹಗ್ಗ ಎಳೆದುಕೊಂಡಿರಬಹುದಲ್ಲ ಎಂದಳು. ಯಾರೂ ಗೆಲ್ಲಲಿಲ್ಲ. ಪರೀಕ್ಷಿಸೋಣವೆಂದರೆ ಉಡ ಹಿಡಿಯುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಇದನ್ನೂ ಹೇಳಿದೆ, ಏಕೆಂದರೆ ಹಿಂದಿನ ಬೆಂಚಿನವನ ಕಣ್ಣು ಹೊಳೆಯತೊಡಗಿತ್ತು.

ಧಾರಾವಾಹಿಯಲ್ಲಾಗಿದ್ದರೆ ಉಡ ಹತ್ತು ಸೆಕೆಂಡಿನಲ್ಲಿ ಗೋಡೆ ಏರುತ್ತಿತ್ತು, ಹಿನ್ನೆಲೆಯಲ್ಲಿ ನಗಾರಿ ಬಾರಿಸುತ್ತಿತ್ತು, ಪ್ರಶ್ನೆಗೆ ಜಾಗ ಇರುತ್ತಿರಲಿಲ್ಲ. ಪಾಲಕರಿಗೆ ನಾನು ಹೇಳುವುದು ಇಷ್ಟೇ: ಮಗ ಮೊಬೈಲಿನಲ್ಲಿ ಹಳೆಯದನ್ನೋ ಹೊಸದನ್ನೋ ನೋಡಲಿ, ಬಾಜೂಕ್ಕೆ ಕೂತು ಒಂದು ಕಡೆ ನಿಲ್ಲಿಸಿರಿ. ‘ಇದು ಆಗತೈತೇನೋ?’ ಎಂದು ಕೇಳಿ ಮುಂದಿನ ಕಂತನ್ನು ನಾಳೆಗೆ ಇಡಿರಿ. ನಮಗೆ ಏಳು ದಿನ ಸಿಕ್ಕಿತ್ತು. ಅವರಿಗೆ ಒಂದು ದಿನವಾದರೂ ಸಿಗಲಿ.

ಹಲಗಲಿ

ನಮ್ಮ ಭಾಗದ ಅತಿ ದೊಡ್ಡ ಕಥೆ ರಾಷ್ಟ್ರೀಯ ಕಿರುತೆರೆಯ ಆ ವೈಭವದ ದಿನಗಳಲ್ಲಿ ಪರದೆಗೆ ಬರಲಿಲ್ಲ. 1857ರಲ್ಲಿ ಇಂಗ್ಲಿಷರು ಹತಾರ ಒಪ್ಪಿಸಬೇಕೆಂಬ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆಯಾಡಿ, ಕಾವಲು ಕಾದು ಬದುಕುವವರಿಗೆ ಹತಾರ ಎಂದರೆ ನೇಕಾರನಿಗೆ ಮಗ್ಗ ಇದ್ದಂತೆ. ನವೆಂಬರ್ ತಿಂಗಳ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸತ್ತವರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ ಸಂತೆಯ ದಿನ 13 ಜನರನ್ನು, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಸಂತೆಗೆ ಬಂದವರೆಲ್ಲ ನೋಡಲಿ ಎಂದೇ ಆ ದಿನ.

ನೋಡಿದವರು ಸುಮ್ಮನಿರಲಿಲ್ಲ, ಲಾವಣಿ ಕಟ್ಟಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಡಪ್ಪು, ತುಂತುಣಿಯ ಮೇಲೆ ಊರೂರು ತಿರುಗಿದವು. 1880ರ ದಶಕದಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ಈ ಕಡೆಯ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಇದೂ ಅವುಗಳಲ್ಲಿತ್ತು. ಆಳುವವರ ಅಧಿಕಾರಿಯೇ ಬಂಡೆದ್ದವರ ಹಾಡನ್ನು ಉಳಿಸಿದ. ಆಮೇಲೆ ಅದು ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಬಂತು. ಟಿ.ವಿ. ಬರುವುದಕ್ಕೆ ಮುಂಚೆ ನಮ್ಮ ಅಜ್ಜಂದಿರಿಗೆ ಇದೇ ಧಾರಾವಾಹಿ. ರಾತ್ರಿಯಿಡೀ ಕಂತು ಕಂತಾಗಿ ನಡೆಯುತ್ತಿತ್ತು. ಆದರೆ ಪಠ್ಯಕ್ಕೆ ಸೇರಿದ ಮೇಲೆ ಹುಡುಗರಿಗೆ ಅದು ಮೂರಂಕದ ಪ್ರಶ್ನೆ, ನಾಲ್ಕಂಕದ ಸಾರಾಂಶ.

ಒಂದು ಮಳೆಗಾಲದ ಮಧ್ಯಾಹ್ನ ಕರೆಂಟಿಲ್ಲದೆ ಪ್ರಯೋಗ ನಿಂತಾಗ, ಹಲಗಲಿಯ ಮೇಲೆ ಧಾರಾವಾಹಿ ತೆಗೆದರೆ ಏನೇನು ಬೇಕು, ಪಟ್ಟಿ ಮಾಡಿರಿ ಎಂದೆ. ಹುಡುಗರು ಕುದುರೆ, ಬಂದೂಕು, ಟೋಪಿ, ಮುಧೋಳ ನಾಯಿ ಎಂದೆಲ್ಲ ಬರೆದರು. ಒಬ್ಬ ಮಾತ್ರ, ಮದ್ದು ತುಂಬಿ ಹಾರಿಸುವ ಹಳೆಯ ಬಂದೂಕಿಗೆ ಎರಡನೆಯ ಗುಂಡಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದ. ಅದು ಗೊತ್ತಾದರೆ ಜಗಳ ಎಷ್ಟು ಹೊತ್ತು ನಡೆದಿರಬಹುದು ಎಂದು ತೆಗೆಯಬಹುದಂತೆ. ಕಡೆಗೆ ಆ ಊರ ಕಡೆಯ ಹುಡುಗಿ ಎದ್ದು ನಿಂತಳು.

‘ಸರ, ಊರು ಸುಡೂದು ಎಲ್ಲಿ ಶೂಟಿಂಗ್ ಮಾಡ್ತಾರ್ರಿ?’

‘ಸೆಟ್ ಹಾಕಿ ಸುಡ್ತಾರ’ ಎಂದು ಬಾಜೂಕಿನವಳು ಹೇಳಿದಳು.

ಮೈಸೂರಿನ ಸ್ಟುಡಿಯೋದ ಕಥೆಯನ್ನು ಹಿಂದಿನ ವಾರವಷ್ಟೇ ಅವರಿಗೆ ಹೇಳಿದ್ದೆ. ಹುಡುಗಿ ಸ್ವಲ್ಪ ಹೊತ್ತು ವಿಚಾರ ಮಾಡಿ ಪಟ್ಟಿಯ ತುದಿಗೆ, ಕುದುರೆಗಿಂತ ಮೇಲೆ, ಎರಡು ಸಾಲು ಸೇರಿಸಿದಳು: ನೀರಿನ ಟ್ಯಾಂಕರ್ ಎರಡು, ಹೊರಗೆ ಹೋಗಾಕ ದಾರಿ ನಾಕು.